ತಗಡಿನ ಡಬ್ಬಿಯಲ್ಲಿ ಎರೆದ ವೇಗ

ಬರ್ಟ್ ಮನ್ರೊ ಹುಟ್ಟಿದ್ದು 1899ರಲ್ಲಿ, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಕಡೆಯ ರೈತ ಕುಟುಂಬದಲ್ಲಿ. 1920ರಲ್ಲಿ ಅವರು ಇಂಡಿಯನ್ ಸ್ಕೌಟ್ ಎಂಬ ಅಮೆರಿಕದ ಬೈಕ್ ಕೊಂಡರು. ಹೆಸರಷ್ಟೇ ಇಂಡಿಯನ್, ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. 600 ಸಿಸಿ ಎಂಜಿನ್, ಗಂಟೆಗೆ ಸುಮಾರು 88 ಕಿ.ಮೀ. ವೇಗ. ಊರು ತಿರುಗಲು ಅಷ್ಟು ಸಾಕಿತ್ತು, ಮನ್ರೊಗೆ ಸಾಕಾಗಲಿಲ್ಲ. 1926ರಲ್ಲಿ ಅದನ್ನು ಬಿಚ್ಚಿ ಬದಲಾಯಿಸಲು ಶುರು ಮಾಡಿದವರು ದಶಕಗಳ ಕಾಲ ನಿಲ್ಲಿಸಲೇ ಇಲ್ಲ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕುತ್ತಾ ಸೋದರಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿರುವ ನನಗೆ ಅವರ ಶೆಡ್ಡಿನ ಕಥೆ ಬಲು ಇಷ್ಟ. ಕೈಯಲ್ಲಿ ದುಡ್ಡಿರಲಿಲ್ಲ. ಹಗಲು ಬೈಕ್ ಮಾರುವ ಕೆಲಸ, ರಾತ್ರಿ ತನ್ನ ಬೈಕಿನ ಕೆಲಸ. ಹಳೆಯ ತಗಡಿನ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ಪಿಸ್ಟನ್ ಎರೆದರು. ಟ್ರ್ಯಾಕ್ಟರಿನ ಆ್ಯಕ್ಸಲ್‌ನಿಂದ ಕನೆಕ್ಟಿಂಗ್ ರಾಡ್ ಮಾಡಿದರು. ಅಳತೆಗೆ ಹಳೆಯ ಸ್ಪೋಕ್‌ನಿಂದಲೇ ಮೈಕ್ರೋಮೀಟರ್ ತಯಾರಿಸಿಕೊಂಡರು. ಎಂಜಿನ್ನಿಗೆ ಶಕ್ತಿ ತುಂಬಿದಷ್ಟೂ ಅದರಲ್ಲಿ ಬಲ ಕಮ್ಮಿಯಿರುವ ಭಾಗ ಮೊದಲು ಮುರಿಯುತ್ತದೆ. ಅದನ್ನು ಗಟ್ಟಿ ಮಾಡಿದರೆ ಇನ್ನೊಂದು ಮುರಿಯುತ್ತದೆ. ಹಾಗೆ ಮುರಿದವನ್ನು ಮನ್ರೊ ಗುಜರಿಗೆ ಹಾಕಲಿಲ್ಲ. ವೇಗದ ದೇವರಿಗೆ ಕೊಟ್ಟ ಕಾಣಿಕೆ ಎಂದು ಬರೆದು ಶೆಲ್ಫಿನಲ್ಲಿ ಜೋಡಿಸಿಟ್ಟರು.

1962ರಲ್ಲಿ, 63ನೇ ವಯಸ್ಸಿನಲ್ಲಿ, ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ದಾಖಲೆ ಬರೆದರು. 1967ರಲ್ಲಿ, 68ನೇ ವಯಸ್ಸಿನಲ್ಲಿ, 1000 ಸಿಸಿ ಒಳಗಿನ ವಿಭಾಗದಲ್ಲಿ ಗಂಟೆಗೆ ಸುಮಾರು 296 ಕಿ.ಮೀ. ಮುಟ್ಟಿದರು. ಬೈಕಿಗಾಗ 47 ವರ್ಷ! 1978ರಲ್ಲಿ ಮನ್ರೊ ತೀರಿಕೊಂಡರು. ಅಂದಿನ ಲೆಕ್ಕದಲ್ಲಿದ್ದ ಸಣ್ಣ ತಪ್ಪನ್ನು ಮಗ ಗುರುತಿಸಿದ ಮೇಲೆ, 2014ರಲ್ಲಿ ಅಮೆರಿಕದ ಮೋಟಾರ್‌ಸೈಕಲ್ ಸಂಸ್ಥೆ ದಾಖಲೆಯನ್ನು ತುಸು ಏರಿಸಿ ತಿದ್ದಿತು. 2005ರಲ್ಲಿ ಅವರ ಬದುಕು ಸಿನಿಮಾ ಆಯಿತು.

ಭಾನುವಾರ ಬಂತೆಂದರೆ ಗ್ಯಾರೇಜಿಗೆ ಹುಡುಗರು ಬರುತ್ತಾರೆ. ಸೈಲೆನ್ಸರ್ ತೆಗೆದುಹಾಕು, ರಾತ್ರಿ ಬೈಪಾಸಿನಲ್ಲಿ ಪಂದ್ಯವಿದೆ ಎನ್ನುತ್ತಾರೆ. ಹೆಚ್ಚಿನವರು ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಮನ್ರೊ ವೇಗಕ್ಕೆ ಆರಿಸಿಕೊಂಡದ್ದು ಕಡಲತೀರ, ಉಪ್ಪಿನ ಬಯಲು, ರೇಸ್ ಟ್ರ್ಯಾಕ್. ಎದುರಿಗೆ ಹಾಲಿನ ವ್ಯಾನ್ ಬರುವ ರಸ್ತೆಯನ್ನಲ್ಲ. ಇದನ್ನು ಹೇಳಿದರೆ ಕೆಲವರು ನಕ್ಕು ಬೇರೆ ಗ್ಯಾರೇಜಿಗೆ ಹೋಗುತ್ತಾರೆ, ಕೆಲವರು ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಕೂತವರಿಗೆ ಕಾರ್ಬ್ಯುರೇಟರ್ ಬಿಚ್ಚಿ ತೋರಿಸುತ್ತೇನೆ.

ಸಂದರ್ಶನಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ಡಿಪ್ಲೊಮಾ ಮುಗಿದು ಎರಡು ವರ್ಷ ಏನು ಮಾಡಿದಿರಿ? ಈಗ ನಾನು ಸವೆದ ಬೇರಿಂಗ್, ಸೀಳಿದ ಪಿಸ್ಟನ್ ಒಂದೊಂದರ ಹೆಸರನ್ನೂ ಅದು ಹಾಳಾದ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಲವತ್ತು ಪುಟ ತುಂಬಿವೆ. ಮುಂದಿನ ಸಂದರ್ಶನಕ್ಕೆ ಅಂಕಪಟ್ಟಿಯ ಜೊತೆ ಅದೂ ನನ್ನ ಫೈಲಿನಲ್ಲಿರುತ್ತದೆ.