ಮಕ್ಕಳ ಸಲುವಾಗಿ ಸರಕಾರದ ಬಾಗಿಲು ಬಡಿದ ಜಮಖಂಡಿಯ ಶಿಂದೆ

ಭಾರತ ಹುಣ್ಣಿಮೆ ಬಂತೆಂದರೆ ನರೇಗಲ್ಲ, ಅಬ್ಬಿಗೇರಿ, ಜಕ್ಕಲಿ ಕಡೆಯಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಬಹಳ. ಹೋಗಲಿ, ಹರಕೆ ತೀರಿಸಲಿ, ಉಧೋ ಉಧೋ ಎನ್ನಲಿ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಒಂದು ಕಾಲದಲ್ಲಿ ಇದೇ ಭಕ್ತಿಯ ಹೆಸರಿನಲ್ಲಿ ಎಳೇ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರ ಬಾಳು ಹಾಳು ಮಾಡುತ್ತಿದ್ದರು. ಊರಿಗೆ ಊರೇ ನೋಡಿ ಸುಮ್ಮನಿರುತ್ತಿತ್ತು. ಮನೆಯಲ್ಲಿ ಬಡತನ, ಕೂಸಿನ ತಲೆಯಲ್ಲಿ ಜಡೆಗಂಟು, ಗಂಡು ಸಂತಾನ ಇಲ್ಲ ಎಂಬ ಚಿಂತೆ, ಹೀಗೆ ನೆಪ ಯಾವುದಾದರೂ ಸಾಕಾಗಿತ್ತು.

ಇದು ಬರೇ ಪುರಾಣ ಪ್ರವಚನದಿಂದ ನಿಲ್ಲುವಂಥದ್ದಲ್ಲ, ಸರಕಾರವೇ ಕೈ ಹಾಕಬೇಕು ಅಂತ ನೂರು ವರ್ಷಕ್ಕೂ ಹಿಂದೆ ಹಟ ಹಿಡಿದವರಲ್ಲಿ ಒಬ್ಬರು ನಮ್ಮ ಕಡೆಯವರೇ. ಹೆಸರು ವಿಠ್ಠಲ ರಾಮಜಿ ಶಿಂದೆ. ಮಹಾರಾಷ್ಟ್ರದವರು ಅವರನ್ನು ಮಹರ್ಷಿ ಎಂದು ಕರೆದು ತಮ್ಮವರನ್ನಾಗಿ ಮಾಡಿಕೊಂಡಿದ್ದಾರೆ. ಹುಟ್ಟಿದ ಊರು ಮಾತ್ರ ಇಂದಿನ ಬಾಗಲಕೋಟ ಜಿಲ್ಲೆಯ ಜಮಖಂಡಿ! ಕನ್ನಡದ ನೆಲದಲ್ಲಿ ಬೆಳೆದ ಈ ಮನುಷ್ಯನ ಹೆಸರು ನಮ್ಮ ಸಾಲಿ ಹುಡುಗರಿಗೆ ಗೊತ್ತಿಲ್ಲದಿರುವುದು ವಿಷಾದದ ಸಂಗತಿ.

ಮನೆಯಲ್ಲೇ ಕಂಡ ಕಷ್ಟ

ಶಿಂದೆಯವರು ಹುಟ್ಟಿದ್ದು 1873ರ ಏಪ್ರಿಲ್ 23ರಂದು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಮರಾಠಾ ಮನೆತನ. ತಂದೆ ರಾಮಜಿ ಪಂಢರಪುರದ ವಿಠ್ಠಲನ ಭಕ್ತರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಮುಂದೆ ದೊಡ್ಡವರಾದ ಮೇಲೆ ಈ ಎರಡು ಭಾಷೆಗಳ ನಂಟಿನ ಬಗ್ಗೆ ಅವರು ಲೇಖನವನ್ನೇ ಬರೆದರು.

ಆ ಕಾಲದ ರೂಢಿಯಂತೆ ವಿಠ್ಠಲನಿಗೆ ಹುಡುಗನಿದ್ದಾಗಲೇ ಮದುವೆ ಆಯಿತು. ಅಕ್ಕ ತಂಗಿಯರಿಗೂ ಅದೇ ಪಾಡು. ತಂಗಿ ಜನಾಕ್ಕನನ್ನು ಎಳೇ ವಯಸ್ಸಿನಲ್ಲಿ ಕೊಟ್ಟ ಮನೆಯಲ್ಲಿ ಬಾಳಿಸಲಿಲ್ಲ. ಕಾಟ ತಾಳಲಾರದೆ ಹುಡುಗಿ ತವರಿಗೆ ಬಂತು. ಇಂಥ ಮಗಳನ್ನು ಒಂದೋ ಗಂಡನ ಮನೆಗೆ ದಬ್ಬುವುದು, ಇಲ್ಲವೇ ಅಡಿಗೆ ಮನೆಯ ಮೂಲೆಗೆ ಕೂಡಿಸುವುದು, ಇಷ್ಟೇ ಜಗತ್ತಿಗೆ ಗೊತ್ತಿದ್ದ ದಾರಿ. ಅಣ್ಣ ಹಾಗೆ ಮಾಡಲಿಲ್ಲ. ತನ್ನ ಓದಿಗೇ ಕಾಸಿನ ತಾಪತ್ರಯ ಇದ್ದರೂ ತಂಗಿಯನ್ನು ಪುಣೆಗೆ ಕರೆದೊಯ್ದು ಹೆಣ್ಣುಮಕ್ಕಳ ಸಾಲಿಗೆ ಹಚ್ಚಿದ. ಮುಂದೆ ಇದೇ ಜನಾಕ್ಕ ಅಣ್ಣನ ಸೇವಾಕಾರ್ಯಕ್ಕೆ ಹೆಗಲು ಕೊಟ್ಟು ನಿಂತರು.

1891ರಲ್ಲಿ ಮ್ಯಾಟ್ರಿಕ್, ನಂತರ ಪುಣೆಯ ಫರ್ಗ್ಯುಸನ್ ಕಾಲೇಜು, 1898ರಲ್ಲಿ ಬಿ.ಎ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವು ಸಿಕ್ಕಿತು. ಪ್ರಾರ್ಥನಾ ಸಮಾಜ ಸೇರಿದ ಶಿಂದೆ 1901ರಲ್ಲಿ ಧರ್ಮಶಾಸ್ತ್ರ ಓದಲು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. 1903ರಲ್ಲಿ ತಿರುಗಿ ಬಂದರು. ವಿಲಾಯತಿಗೆ ಹೋಗಿ ಬಂದವನಿಗೆ ದೊಡ್ಡ ನೌಕರಿ ಕಷ್ಟವಿರಲಿಲ್ಲ. ಶಿಂದೆ ಆ ದಾರಿ ಹಿಡಿಯಲಿಲ್ಲ.

ಸಾಲಿ ಇಲ್ಲದ ಕೇರಿಗೆ ಸಾಲಿ

1906ರ ಅಕ್ಟೋಬರ್ 18ರಂದು ಮುಂಬಯಿಯ ಪರೇಲದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಶುರುವಾಯಿತು. ಅಸ್ಪೃಶ್ಯರು ಎನಿಸಿಕೊಂಡವರ ಮಕ್ಕಳಿಗೆ ಸಾಲಿ, ವಸತಿಗೃಹ, ಕೈಕಸುಬು, ಔಷಧೋಪಚಾರ ಒದಗಿಸುವುದು ಇದರ ಕೆಲಸ. ಅಧ್ಯಕ್ಷರು ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರರು. ಕಾರ್ಯದರ್ಶಿ ಶಿಂದೆ. ಅಂದರೆ ಮುಂಬಯಿಯ ಈ ಕೆಲಸಕ್ಕೆ ತಲೆ ಕೊಟ್ಟ ಇಬ್ಬರೂ ಇಂದಿನ ಕರ್ನಾಟಕದ ಮಣ್ಣಿನವರು! ನಮ್ಮ ಹುಬ್ಬಳ್ಳಿಯಲ್ಲೂ ಮಿಷನ್ನಿನ ಶಾಖೆ ಬಂತು.

ಬರೀ ಭಾಷಣ ಬಿಗಿದು ಮನೆಗೆ ಹೋಗುವ ಪುಢಾರಿ ಇವರಲ್ಲ. ಹೆಂಡತಿ, ತಂಗಿ, ತಂದೆ-ತಾಯಿ ಸಮೇತ ಆ ಕೇರಿಯ ಜನರ ನಡುವೆಯೇ ಸಂಸಾರ ಹೂಡಿದರು. ಹಾಗಿದ್ದದ್ದರಿಂದಲೇ ಒಂದು ಮಾತು ಅವರಿಗೆ ಮನದಟ್ಟಾಯಿತು. ಚಂದಾ ಎತ್ತಿ ಹತ್ತು ಸಾಲಿ ತೆಗೆಯಬಹುದು, ನೂರು ಮಕ್ಕಳನ್ನು ಸಾಕಬಹುದು. ಲಕ್ಷ ಮಕ್ಕಳ ಪಾಡು ಬದಲಾಗಬೇಕಾದರೆ ಕಾಯದೆ ಬೇಕು, ಸರಕಾರದ ಖಜಾನೆಯ ದುಡ್ಡು ಬೇಕು. ಅಲ್ಲಿಂದ ಮುಂದೆ ಅರ್ಜಿ, ಮನವಿ, ಪರಿಷತ್ತು, ಮೆರವಣಿಗೆ ಇವೇ ಅವರ ಉದ್ಯೋಗವಾದವು.

ದೇವರ ಹೆಸರಿನ ಅನ್ಯಾಯ

ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬನ ದೊಡ್ಡ ಕ್ಷೇತ್ರವಿದೆ. ಖಂಡೋಬ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಅಲ್ಲಿ ಹೆಣ್ಣುಕೂಸುಗಳನ್ನು ದೇವರಿಗೆ ಬಿಟ್ಟು ಮುರಳಿ ಎಂದು ಕರೆಯುತ್ತಿದ್ದರು. ಇಲ್ಲಿ ಮುತ್ತು ಕಟ್ಟಿಸಿಕೊಂಡವಳ ಪಾಡು ಏನೋ, ಅಲ್ಲಿ ಮುರಳಿಯ ಪಾಡೂ ಅದೇ. ದೇವರ ಹೆಂಡತಿ ಎನ್ನುವುದು ಹೆಸರಿಗೆ, ಊರ ಗಂಡಸರ ಪಾಲಾಗುವುದು ನಿಜಕ್ಕೆ. ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ.

ಶಿಂದೆಯವರು ಇದರ ವಿರುದ್ಧ ಪತ್ರಿಕೆಗಳಲ್ಲಿ ಬರೆದರು. ಪುಣೆ ಮುಂಬಯಿಯ ಸುಧಾರಕರನ್ನು ಕೂಡಿಸಿದರು. 1910ರಲ್ಲಿ ಮುರಳಿ ಪ್ರತಿಬಂಧಕ ಸಭೆ ಕಟ್ಟಿದರು. ಧರ್ಮದ ಉಸಾಬರಿ ತನಗೇಕೆ ಎಂಬ ಧೋರಣೆಯ ಬ್ರಿಟಿಷ್ ಸರಕಾರಕ್ಕೆ, ಇದು ಧರ್ಮದ ಪ್ರಶ್ನೆಯಲ್ಲ, ಮಕ್ಕಳ ರಕ್ಷಣೆಯ ಪ್ರಶ್ನೆ ಎಂದು ತಿಳಿಸಿ ಹೇಳುವುದೇ ಅವರ ಹೋರಾಟದ ತಿರುಳು.

ಆಗ ನರೇಗಲ್ಲ ರೋಣ ತಾಲೂಕಿನಲ್ಲಿ, ರೋಣ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಆಡಳಿತದಲ್ಲಿ. ಹಾಗಾಗಿ ಮುಂಬಯಿಯಲ್ಲಿ ಆದ ಕಾಯದೆ ನಮ್ಮ ಕೇರಿಗೂ ಲಾಗೂ ಆಗುತ್ತಿತ್ತು. ಆದರೆ ಕಾಯದೆ ಬಂದದ್ದು ಬಹಳ ತಡವಾಗಿ. ಅನೇಕರ ಪ್ರಯತ್ನದ ಫಲವಾಗಿ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯದೆ ಆದದ್ದು 1934ರಲ್ಲಿ. ಮುತ್ತು ಕಟ್ಟುವುದು ಅಪರಾಧವಾಯಿತು, ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಅದು ಸಿಂಧು ಎಂದಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗಿಯರ ಬಾಳು ಮುಗಿದೇ ಹೋಗಿತ್ತು.

ಹುಡುಗಿಯರಿಗೂ ಸಾಲಿ ಬೇಕು

ಇನ್ನೊಂದು ಹೋರಾಟ ಕಡ್ಡಾಯ ಶಿಕ್ಷಣದ್ದು. ಬಡೋದೆಯಲ್ಲಿ 1906ಕ್ಕೇ ಕಡ್ಡಾಯ ಶಿಕ್ಷಣ ಬಂದಿತ್ತು. ಗೋಖಲೆಯವರು 1911ರಲ್ಲಿ ಭಾರತ ಸರಕಾರದ ಮುಂದೆ ಮಸೂದೆ ಇಟ್ಟರೆ ಮರುವರ್ಷ ಅದು ಬಿದ್ದುಹೋಯಿತು. 1917ರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಮಾಡಿ ತೋರಿಸಿದರು. ಕೊನೆಗೆ 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿಯಲ್ಲಿ ಕಾಯದೆ ಆಯಿತು. ಆದರೆ ಅದು ಮುನಸಿಪಾಲಿಟಿಗಳು ಮನಸ್ಸು ಮಾಡಿದರೆ ಮಾತ್ರ.

1920ರಲ್ಲಿ ಪುಣೆ ಮುನಸಿಪಾಲಿಟಿಯಲ್ಲಿ ಪ್ರಶ್ನೆ ಬಂತು. ದುಡ್ಡಿಲ್ಲ, ಸದ್ಯ ಹುಡುಗರಿಗಷ್ಟೇ ಸಾಕು, ಹುಡುಗಿಯರದ್ದು ಆಮೇಲೆ ನೋಡೋಣ ಎಂಬುದು ದೊಡ್ಡ ದೊಡ್ಡವರ ವಾದ. ಶಿಂದೆ ಬಿಡಲಿಲ್ಲ. ರಮಾಬಾಯಿ ರಾನಡೆಯವರಂಥ ಹಿರಿಯರೊಂದಿಗೆ ನಿಂತರು. ಹೆಂಗಸರ ಮೆರವಣಿಗೆಯೇ ಪುಣೆಯ ಬೀದಿಗೆ ಇಳಿಯಿತು. ಸಭೆಗಳಲ್ಲಿ ಗದ್ದಲ, ಬೈಗುಳ ಎಲ್ಲಾ ಆಯಿತು. ತಂಗಿಯ ಕೈ ಹಿಡಿದು ಸಾಲಿಗೆ ಒಯ್ದ ಅಣ್ಣ ಈಗ ಪರರ ಹೆಣ್ಣುಮಕ್ಕಳ ಸಲುವಾಗಿ ಬೈಸಿಕೊಂಡ.

ಇದೇ ವರ್ಷ ಮುಂಬಯಿ ಶಾಸನಸಭೆಗೆ ನಿಂತರು. ಮರಾಠರಿಗೆ ಮೀಸಲಿಟ್ಟ ಸ್ಥಾನ ಸುಲಭವಿತ್ತು. ಜಾತಿಯ ಹೆಸರಿನಲ್ಲಿ ಬೇಡವೆಂದು ಸಾಮಾನ್ಯ ಸ್ಥಾನಕ್ಕೆ ನಿಂತು ಸೋತರು.

ರೈತನ ಮನೆಯೂ ಒಡೆಯಬಾರದು

1923ರಲ್ಲಿ ತಾವೇ ಕಟ್ಟಿದ ಮಿಷನ್ನಿನಿಂದ ಹೊರಬಂದರು. ಕೆಲ ಕಾಲ ಮಂಗಳೂರಿನ ಬ್ರಹ್ಮ ಸಮಾಜದಲ್ಲಿ ಆಚಾರ್ಯರಾಗಿದ್ದರು. ಆಮೇಲೆ ರೈತರ ಕಡೆ ಹೊರಳಿದರು. ಹೊಲ ತುಂಡಾಗಬಾರದೆಂದು ಮುಂಬಯಿ ಸರಕಾರ ತಂದ ಮಸೂದೆಯಿಂದ ಸಣ್ಣ ಹಿಡುವಳಿದಾರನ ಮಕ್ಕಳಲ್ಲಿ ಒಬ್ಬನಿಗೆ ಹೊಲ, ಉಳಿದವರಿಗೆ ಕೂಲಿ ಎಂಬ ಭಯ ಹುಟ್ಟಿತ್ತು. 1928ರಲ್ಲಿ ಪುಣೆಯ ರೈತ ಪರಿಷತ್ತಿನ ಮುಂದಾಳಾಗಿ ಶಿಂದೆ ಅದನ್ನು ವಿರೋಧಿಸಿದರು. ಸರಕಾರ ಮಸೂದೆಯನ್ನು ಮುಂದುವರಿಸಲಿಲ್ಲ. 1930ರ ಕಾಯದೆ ಭಂಗ ಚಳವಳಿಯಲ್ಲಿ ಯರವಡಾ ಜೇಲನ್ನೂ ಕಂಡರು. 1944ರ ಜನವರಿ 2ರಂದು ಪುಣೆಯಲ್ಲಿ ಕಣ್ಣು ಮುಚ್ಚಿದರು. ಅಧಿಕಾರದ ಕುರ್ಚಿ ಕಡೆತನಕ ಸಿಗಲಿಲ್ಲ.

ಕಾಯದೆ ಉಂಟು, ಕಾಯುವವರು?

ಈಗ ಕಾಯದೆಗಳಿಗೆ ಬರವಿಲ್ಲ. 1934ರ ಕಾಯದೆ ಸಾಲದೆಂದು ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯದೆ ಮಾಡಿತು. ಹೆತ್ತವರೇ ಮುತ್ತು ಕಟ್ಟಿಸಿದರೆ ಐದು ವರ್ಷದವರೆಗೆ ಜೇಲು. 2006ರಲ್ಲಿ ಬಾಲ್ಯವಿವಾಹ ನಿಷೇಧ, 2009ರಲ್ಲಿ ಕಡ್ಡಾಯ ಶಿಕ್ಷಣ, 2016ರಲ್ಲಿ ಬಾಲಕಾರ್ಮಿಕ ಕಾಯದೆಗೆ ತಿದ್ದುಪಡಿ. ಒಂದೊಂದರ ಹಿಂದೆಯೂ ಶಿಂದೆಯವರಂತೆ ಅರ್ಜಿ ಹಿಡಿದು ಅಲೆದವರು ಇದ್ದಾರೆ. ಇವು ಯಾರೋ ಸಾಹೇಬರು ಪುಕ್ಕಟೆ ಕೊಟ್ಟ ಭಿಕ್ಷೆ ಅಲ್ಲ.

ಆದರೆ ಪೋಲೀಸ ಪ್ರತಿ ಮನೆಯ ಕಟ್ಟೆಗೆ ಬಂದು ಕೂಡಲು ಆಗೋದಿಲ್ಲ. ಓಣಿಯಲ್ಲಿ ಹದಿನಾರರ ಹುಡುಗಿಗೆ ಹಂದರ ಹಾಕಿದರೆ ಮೊದಲು ಗೊತ್ತಾಗುವುದು ಕಿರಾಣಿ ಅಂಗಡಿಯವನಿಗೆ. ಸಾಲಿ ಬಿಟ್ಟ ಹುಡುಗ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು ಕಾಣುವುದು ಬಸ್ಸಿಗೆ ಕಾಯುತ್ತ ಚಹಾ ಕುಡಿಯುವವರಿಗೆ. 1098 ನಂಬರಿಗೆ ಫೋನು ಮಾಡಲು ಕಾಸೂ ಬೇಡ, ಪದವಿಯೂ ಬೇಡ. ಶಿಂದೆಯವರು ಅರ್ಧ ಆಯುಷ್ಯ ಸವೆಸಿ ಸರಕಾರದ ಬಾಗಿಲು ತೆಗೆಸಿದರು. ತೆಗೆದ ಬಾಗಿಲಲ್ಲಿ ಮಕ್ಕಳನ್ನು ಒಳಗೆ ಕಳಿಸುವ ಕೆಲಸ ನರೇಗಲ್ಲಿನವರದು, ನಮ್ಮ ನಿಮ್ಮೆಲ್ಲರದು.