ವಿದ್ಯೆಗೆ ದೇಸಗತಿಯನ್ನೇ ಧಾರೆಯೆರೆದ ಶಿರಸಂಗಿ ಲಿಂಗರಾಜರು



ದಾನಗಳಲ್ಲಿ ಅನ್ನದಾನ ದೊಡ್ಡದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹಸಿದವನಿಗೆ ಇಕ್ಕಿದ ಅನ್ನ ಒಂದು ಹೊತ್ತಿಗೆ ಕರಗುತ್ತದೆ. ಬಡವನ ಮಗನಿಗೆ ಕೊಡಿಸಿದ ವಿದ್ಯೆ ಆ ಮನೆಯ ತಲೆಮಾರುಗಳನ್ನೇ ಸಲಹುತ್ತದೆ. ವಿದ್ಯೆಯನ್ನೂ ದಾಸೋಹವೆಂದೇ ಬಗೆದು, ಅದಕ್ಕಾಗಿ ಸರ್ವಸ್ವವನ್ನೂ ಅರ್ಪಿಸಿದ ತ್ಯಾಗವೀರ ಶಿರಸಂಗಿ ಲಿಂಗರಾಜ ದೇಸಾಯಿಯವರು ಪ್ರಾತಃಸ್ಮರಣೀಯರು.

ಅವರು ಹುಟ್ಟಿದ್ದು 1861ರ ಜನವರಿ 10ರಂದು, ಇಂದಿನ ಗದಗ ಜಿಲ್ಲೆಯ ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಬಾಲಕನಿದ್ದಾಗಲೇ ಶಿರಸಂಗಿ ದೇಸಗತಿಗೆ ದತ್ತಕವಾಗಿ ಹೋದರು, ಲಿಂಗರಾಜರೆನಿಸಿದರು. ನವಲಗುಂದ-ಶಿರಸಂಗಿ ದೇಸಗತಿಯೆಂದರೆ ಸಾಮಾನ್ಯವಲ್ಲ. ಎರೆಭೂಮಿ, ವಾಡೆ, ಆಳುಕಾಳು ಎಲ್ಲವೂ ಇದ್ದವು. ಭೋಗದಲ್ಲಿ ಮೈಮರೆಯಲು ಬೇಕಾದುದೆಲ್ಲವೂ ಕಾಲಬಳಿಯೇ ಇತ್ತು.

ಆದರೆ ಅವರು ಪ್ರಾಯಕ್ಕೆ ಬರುತ್ತಿದ್ದ ಕಾಲವು ಸುಖದ ಕಾಲವಾಗಿರಲಿಲ್ಲ. 1876ರಿಂದ 1878ರವರೆಗೆ ಧಾತು ಸಂವತ್ಸರದ ಘೋರ ಬರವು ಈ ಸೀಮೆಯನ್ನು ಸುಟ್ಟಿತು. ದನಕರು ಸತ್ತವು, ಜನ ಊರು ಬಿಟ್ಟರು. ಇಂಥ ನಾಡಿನಲ್ಲಿ ಮಗನನ್ನು ಓದಿಸುವ ಮಾತೆಲ್ಲಿಯದು? ಕನ್ನಡ ಸಾಲೆ ಮುಗಿಸಿ ಹೈಸ್ಕೂಲು ಮುಟ್ಟುವುದೇ ದುಸ್ತರ. ಅದನ್ನೂ ದಾಟಿದವನಿಗೆ ಮುಂದೆ ದಾರಿಯೇ ಇಲ್ಲ. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಒಂದು ಕಾಲೇಜೂ ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಪದವಿ ಬೇಕಾದವನು ಪುಣೆಗೋ ಮುಂಬಯಿಗೋ ಹೋಗಬೇಕು. ಪರಭಾಷೆಯ ಊರು, ಕೋಣೆಯ ಬಾಡಿಗೆ, ಖಾನಾವಳಿಯ ಹಣ, ಕಾಲೇಜಿನ ಫೀಜು. ಮಳೆ ಕೈಕೊಟ್ಟ ವರ್ಷ ಮನೆಯಿಂದ ಹಣ ಬಾರದು. ಹಣ ಬಾರದಿದ್ದರೆ ಓದು ಅಲ್ಲಿಗೇ ನಿಂತಿತು. ಬುದ್ಧಿಯಿದ್ದೂ ಬಡತನದಿಂದ ನೇಗಿಲಿಗೆ ಮರಳಿದ ಮಕ್ಕಳೆಷ್ಟೋ! ನೇಗಿಲು ಕೀಳಲ್ಲ, ಆದರೆ ಬೇರೆ ದಾರಿಯೇ ಇಲ್ಲದೆ ಮರಳುವುದು ದುಃಖದ ಸಂಗತಿ.

ಈ ಕೊರತೆಯನ್ನು ಅರಿತ ಹಿರಿಯರು 1883ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ವಿದ್ಯಾನಿಧಿಯೊಂದನ್ನು ಕಟ್ಟಿದ್ದರು. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದಾಗ, ಮರುವರ್ಷ ಬೆಂಗಳೂರಿನಲ್ಲಿ ಸೇರಿದಾಗ, ಎರಡಕ್ಕೂ ಲಿಂಗರಾಜರೇ ಅಧ್ಯಕ್ಷರು.

ಅವರ ಬಾಳಿನಲ್ಲೊಂದು ಕೊರಗಿತ್ತು. ಇಷ್ಟು ದೊಡ್ಡ ಆಸ್ತಿಗೆ ವಾರಸುದಾರನಾಗುವ ಮಗನಿರಲಿಲ್ಲ. ಲೋಕರೂಢಿಯಂತೆ ದತ್ತಕ ತೆಗೆದುಕೊಳ್ಳಬಹುದಿತ್ತು. ತಾವೂ ದತ್ತಕವಾಗಿಯೇ ಬಂದವರಲ್ಲವೇ? ಹಾಗೆ ಮಾಡಿದ್ದರೆ ದೇಸಗತಿ ಇನ್ನೊಬ್ಬ ದೇಸಾಯಿಯ ಕೈಸೇರುತ್ತಿತ್ತು, ಅಷ್ಟೆ. ಅವರು ಬೇರೆ ದಾರಿ ಹಿಡಿದರು. 1906ರಲ್ಲಿ ಮರಣಪತ್ರ ಬರೆದು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮುಡಿಪಿಟ್ಟರು. ಅದೇ ವರ್ಷ ಆಗಸ್ಟ್ 23ರಂದು ಶಿವೈಕ್ಯರಾದರು. ಆಗಿನ್ನೂ ಅವರಿಗೆ ನಲವತ್ತೈದು ವರ್ಷ. ಒಬ್ಬ ಮಗನಿಲ್ಲದವರಿಗೆ ಊರೂರಲ್ಲಿ ಮಕ್ಕಳಾದರು. ನವಲಗುಂದ-ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಬಹಳ ಮಂದಿ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ಅಂದು ಕಾಲೇಜು ನೂರಾರು ಮೈಲಿ ದೂರವಿತ್ತು. ಇಂದು ತಾಲೂಕಿಗೊಂದು ಕಾಲೇಜಿದೆ, ವಿಶ್ವವಿದ್ಯಾಲಯಗಳು ಹಲವಾರು. ಆದರೂ ಬಡವನ ಮಗನಿಗೆ ದೂರ ಕಡಿಮೆಯಾಗಿದೆಯೇ? ಬೆಳಗಿನ ಬಸ್ಸು ಬಾರದಿದ್ದರೆ ಮೊದಲ ಪಾಠ ತಪ್ಪಿತು. ವಸತಿನಿಲಯದಲ್ಲಿ ಜಾಗ ಸಿಗದಿದ್ದರೆ ಕೋಣೆಯ ಬಾಡಿಗೆ ಕಟ್ಟಬೇಕು. ವಿದ್ಯಾರ್ಥಿವೇತನ ತಡವಾದರೆ ತಾಯಿಯ ಕಿವಿಯೋಲೆ ಒತ್ತೆ ಬೀಳುತ್ತದೆ. ರಾತ್ರಿ ಹೋಟೆಲಿನಲ್ಲಿ ದುಡಿದ ಹುಡುಗ ಹಗಲು ತರಗತಿಯಲ್ಲಿ ತೂಕಡಿಸುತ್ತಾನೆ. ಅವನನ್ನು ಸೋಮಾರಿ ಎನ್ನುವ ಮೊದಲು ಉಂಡಿದ್ದಾನೆಯೇ ಎಂದು ಕೇಳಬೇಕು.

ಲಿಂಗರಾಜರು ತಮ್ಮ ಕಾಲಕ್ಕೆ ತಕ್ಕಂತೆ ಸಮಾಜದ ಮಕ್ಕಳನ್ನು ನೆನೆದರು. ಇಂದು ಅದೇ ಕರುಣೆ ಎಲ್ಲ ಜಾತಿಯ ಬಡಮಕ್ಕಳಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೂ ಹರಿಯಬೇಕು, ಹಸಿವಿಗೆ ಕುಲವಿಲ್ಲ. ದೇಸಗತಿ ಕೊಡಲು ನಮ್ಮಲ್ಲಿ ದೇಸಗತಿಯಿಲ್ಲ, ನಿಜ. ಆದರೆ ಮದುವೆಯ ಆಡಂಬರದಲ್ಲಿ ಒಂದು ಪಾಲು ಉಳಿಸಿದರೆ ಒಬ್ಬನ ಫೀಜಾಗುತ್ತದೆ. ಪಟ್ಟಣದಲ್ಲಿ ಮನೆಯಿದ್ದವರು ಊರಿನ ಹುಡುಗನಿಗೆ ಒಂದು ಕೋಣೆ ಕೊಡಬಹುದು. ಊರ ಹಿರಿಯರು ಕೂಡಿ ಬೆಳಗಿನ ಬಸ್ಸಿಗಾಗಿ, ವಸತಿನಿಲಯದ ನೀರಿಗಾಗಿ ಅಧಿಕಾರಿಗಳ ಬಾಗಿಲು ತಟ್ಟಬಹುದು. ಅದು ಭಿಕ್ಷೆಯಲ್ಲ, ಮಕ್ಕಳ ಹಕ್ಕು. ಪ್ರಸಾದ ನಿಲಯಗಳನ್ನು ನಡೆಸುವ ನಮ್ಮ ಮಠಗಳೂ ಈ ಹೊಣೆಯನ್ನು ಮರೆಯಲಾಗದು.

ಸಂಪತ್ತು ಕೂಡಿಟ್ಟವನೊಡನೆ ಹೋಗುವುದಿಲ್ಲ. ಕೊಟ್ಟವನ ಹೆಸರನ್ನು ಮಾತ್ರ ಉಳಿಸುತ್ತದೆ. ಈ ವರ್ಷ ನಿಮ್ಮೂರಿನಲ್ಲಿ ಹಣವಿಲ್ಲದೆ ಓದು ಬಿಡುವ ಮಗು ಯಾವುದೆಂದು ವಿಚಾರಿಸಿರಿ. ಆ ಮಗುವಿನ ಕೈ ಹಿಡಿಯುವುದೇ ಲಿಂಗರಾಜರಿಗೆ ಸಲ್ಲಿಸುವ ನಿಜವಾದ ಗೌರವ. ಎಲ್ಲರಿಗೂ ಸನ್ಮಂಗಳವಾಗಲಿ.