ಋತುಗಳ ಕವಿ, ರೈತರ ಬಂಧು: ರವೀಂದ್ರನಾಥ ಠಾಗೋರ್

ವಿಶ್ವಕವಿ ರವೀಂದ್ರನಾಥ ಠಾಗೋರರ ಹೆಸರು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಗೀತಾಂಜಲಿ, ನೊಬೆಲ್ ಪಾರಿತೋಷಕ, ರಾಷ್ಟ್ರಗೀತೆ ಮತ್ತು ಶಾಂತಿನಿಕೇತನ. ಮಳೆ, ಮೋಡ, ವಸಂತಗಳನ್ನು ಹಾಡಿದ ಸೌಂದರ್ಯೋಪಾಸಕರೆಂದು ಅವರನ್ನು ಕೊಂಡಾಡುವ ನಾವು, ಅದೇ ಕವಿ ರೈತರಿಗಾಗಿ ಬ್ಯಾಂಕೊಂದನ್ನು ಸ್ಥಾಪಿಸಿದ್ದರೆಂಬುದನ್ನು ಬಹುಮಟ್ಟಿಗೆ ಮರೆತಿದ್ದೇವೆ. ಅವರ ಬದುಕನ್ನು ಅವಲೋಕಿಸಿದಾಗ, ನಿಸರ್ಗಪ್ರೇಮವೂ ಸಮಾಜಚಿಂತನೆಯೂ ಅವರಲ್ಲಿ ಬೇರೆ ಬೇರೆಯಾಗಿರಲಿಲ್ಲವೆಂಬುದು ಮನದಟ್ಟಾಗುತ್ತದೆ.

1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಜನಿಸಿದ ರವೀಂದ್ರರ ಬಾಲ್ಯ ಸೇವಕರ ಕಾವಲಿನಲ್ಲಿ ಕಳೆಯಿತು. ಕಿಟಕಿಯಿಂದ ಕಾಣುತ್ತಿದ್ದ ಕೊಳ ಮತ್ತು ಆಲದ ಮರಗಳೇ ಆ ಬಾಲಕನ ಪಾಲಿನ ಹೊರಜಗತ್ತು. ಶಾಲೆಯ ನಾಲ್ಕು ಗೋಡೆಗಳು ಅವರಿಗೆ ಹಿಡಿಸಲೇ ಇಲ್ಲ.

ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿಯೊಂದಿದೆ. ಅಣ್ಣ ಸತ್ಯೇಂದ್ರನಾಥರು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರರು ಅಲ್ಲಿಗೆ ಬಂದಿದ್ದರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿ, ಕಡಲ ಮರಳಿನ ಮೇಲೆ ನಡೆದು ಮನೆಗೆ ಮರಳಿದ ಅನುಭವವನ್ನು ಅವರು ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. ಅಲ್ಲಿಯೇ ಅವರು 'ಪ್ರಕೃತಿರ ಪ್ರತಿಶೋಧ' ನಾಟಕವನ್ನು ರಚಿಸಿದರು. ಲೋಕವನ್ನೂ ಪ್ರಕೃತಿಯನ್ನೂ ಗೆದ್ದೆನೆಂದು ಬೀಗುವ ಸಂನ್ಯಾಸಿಯನ್ನು, ಸಮಾಜ ದೂರವಿಟ್ಟ ಪುಟ್ಟ ಅನಾಥೆಯೊಬ್ಬಳ ಅಕ್ಕರೆ ಸೋಲಿಸುತ್ತದೆ. ಅವನು ಅವಳನ್ನು ಅರಸಿ ಮರಳುವ ವೇಳೆಗೆ ಅವಳು ತೀರಿಕೊಂಡಿರುತ್ತಾಳೆ. ತಮ್ಮ ಮುಂದಿನ ಬರಹಗಳಿಗೆಲ್ಲ ಈ ನಾಟಕವೇ ಪೀಠಿಕೆಯೆಂದು ಅವರು ಭಾವಿಸಿದ್ದರು. ಆ ಕಡಲತೀರಕ್ಕೆ ಇಂದು ಅವರದೇ ಹೆಸರಿದೆ.

1891ರ ಸುಮಾರಿಗೆ ತಂದೆ ಒಪ್ಪಿಸಿದ ಜಮೀನುದಾರಿಯ ಹೊಣೆ ಅವರನ್ನು ಇಂದಿನ ಬಾಂಗ್ಲಾದೇಶದ ಶಿಲೈದಹ, ಪತಿಸರ ಮೊದಲಾದ ಊರುಗಳಿಗೆ ಕರೆದೊಯ್ದಿತು. ಪದ್ಮಾ ನದಿಯ ಮೇಲೆ ದೋಣಿಮನೆಯಲ್ಲಿದ್ದು ಅವರು ಋತುಗಳ ಸಂಚಾರವನ್ನು ದಿನದಿನವೂ ಕಂಡರು. ಜೊತೆಗೆ ಅದೇ ದಡದ ರೈತನ ಬವಣೆಯನ್ನೂ ಕಂಡರು. ಕವಿಗೆ ಕಾವ್ಯವಾದ ಮಳೆ ಹೆಚ್ಚಾದರೆ ರೈತನ ಬೆಳೆ ಕೊಚ್ಚಿಹೋಗುತ್ತಿತ್ತು. ಆಮೇಲೆ ಸಾಹುಕಾರನ ಬಡ್ಡಿಯೊಂದೇ ಗತಿ.

1905ರಲ್ಲಿ ಅವರು ಸ್ನೇಹಿತರಿಂದ ಸಾಲ ತಂದು ಪತಿಸರದಲ್ಲಿ ಕೃಷಿ ಬ್ಯಾಂಕನ್ನು ಆರಂಭಿಸಿದರು. ಮರುವರ್ಷ ಮಗ ರಥೀಂದ್ರನಾಥರನ್ನು ಕೃಷಿವಿಜ್ಞಾನ ಕಲಿಯಲು ಅಮೆರಿಕೆಯ ಇಲಿನಾಯ್ಸ್‌ಗೆ ಕಳುಹಿಸಿದರು. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಲಕ್ಷ ರೂಪಾಯಿಗೂ ಮಿಕ್ಕಿದ ಆ ಹಣವನ್ನು ಈ ಬ್ಯಾಂಕಿನಲ್ಲಿಯೇ ಇಟ್ಟರು. ಅಸಲು ರೈತರಿಗೆ ಸಾಲವಾಗಿ ಒದಗಬೇಕು, ಬಡ್ಡಿ ಶಾಂತಿನಿಕೇತನದ ಶಾಲೆಗೆ ಸಲ್ಲಬೇಕು ಎಂಬುದು ಅವರ ಉದ್ದೇಶ. ಮುಂದೆ ಸಾಲಗಳು ವಸೂಲಾಗದೆ ಬ್ಯಾಂಕು ಮುಚ್ಚಿತು. ಆ ಹಣ ಮರಳಲಿಲ್ಲ. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆಯೇ ವರ್ಷಗಳನ್ನು ಕಳೆದ ನಮ್ಮ ಕಣ್ಣಿಗೆ ಇದು ಮುಳುಗಿದ ಸಾಲವೇ ಸರಿ. ಆದರೆ ಅಷ್ಟು ದಿನ ಎಷ್ಟೋ ಕುಟುಂಬಗಳು ಬಡ್ಡಿಯ ಕುಣಿಕೆಯಿಂದ ಪಾರಾದುದನ್ನು ಯಾವ ಖಾತೆಗೆ ಜಮೆ ಮಾಡೋಣ?

ಸೋಲಿನಿಂದ ಅವರು ಧೃತಿಗೆಡಲಿಲ್ಲ. 1922ರಲ್ಲಿ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಕೃಷಿತಜ್ಞರ ನೆರವಿನಿಂದ ಸುರುಲ್ ಗ್ರಾಮದಲ್ಲಿ ಗ್ರಾಮೋದ್ಧಾರದ ಕೇಂದ್ರವನ್ನು ತೆರೆದರು, ಅದೇ ಶ್ರೀನಿಕೇತನ. 1928ರಲ್ಲಿ ವೃಕ್ಷಾರೋಪಣ ಮತ್ತು ಹಲಕರ್ಷಣ ಉತ್ಸವಗಳು ಆರಂಭವಾದವು. ಗಿಡ ನೆಡುವುದು, ನೇಗಿಲು ಹಿಡಿಯುವುದು ಹಾಡು, ಅಲಂಕಾರಗಳೊಡನೆ ಹಬ್ಬವಾದವು. ಓದಿದವರು ಕೀಳೆಂದು ಕಾಣುತ್ತಿದ್ದ ನೇಗಿಲಿಗೆ ಅಂದು ಪೂಜೆಯ ಗೌರವ ದೊರೆಯಿತು.

ಅರವತ್ತು ದಾಟಿದ ಮೇಲೆ ಅವರು ಕುಂಚವನ್ನೂ ಹಿಡಿದರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳೇ ಹಕ್ಕಿ, ಮೃಗ, ಮುಖಗಳಾಗಿ ಮೂಡತೊಡಗಿದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನ ನಡೆಯಿತು.

1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅಷ್ಟೇ ತೀವ್ರವಾಗಿ ವಿರೋಧಿಸುತ್ತಿದ್ದ ರವೀಂದ್ರರು ಈ ಮಾತನ್ನು ಬಹಿರಂಗವಾಗಿಯೇ ಅಲ್ಲಗಳೆದರು. ಭೂಕಂಪಕ್ಕೆ ಭೌತಿಕ ಕಾರಣಗಳಿರುತ್ತವೆ. ಮನುಷ್ಯನ ಅನ್ಯಾಯವನ್ನು ಮನುಷ್ಯನೇ ತಿದ್ದಬೇಕು ಎಂಬುದು ಅವರ ನಿಲುವಾಗಿತ್ತು. ಗಾಂಧೀಜಿಯವರು ಆ ಆಕ್ಷೇಪವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರಿಸಿದರು. ಭಿನ್ನಾಭಿಪ್ರಾಯದ ನಡುವೆಯೂ ಪರಸ್ಪರ ಗೌರವ ಕುಂದಲಿಲ್ಲ.

1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ತಾವು ಬಹುವಾಗಿ ಹಾಡಿದ ಮಳೆಗಾಲದಲ್ಲಿಯೇ ರವೀಂದ್ರರು ಕಣ್ಮುಚ್ಚಿದರು. ಶಾಂತಿನಿಕೇತನದಲ್ಲಿ ಆ ಪುಣ್ಯತಿಥಿಯಂದು ಗಿಡ ನೆಡುವ ಸಂಪ್ರದಾಯವಿದೆ. ಮಹಾನಗರಗಳಲ್ಲಿ ನೆಲೆಸಿ, ಮಳೆಯನ್ನು ಕಿಟಕಿಯಿಂದಷ್ಟೇ ನೋಡುವ ನಾವೂ ನಮ್ಮ ಮಕ್ಕಳೊಡನೆ ಅಂದು ಒಂದು ಸಸಿ ನೆಟ್ಟು, ಅನ್ನವಿತ್ತ ರೈತನನ್ನು ನೆನೆದರೆ ಅದುವೇ ಆ ಮಹಾಚೇತನಕ್ಕೆ ಸಲ್ಲಿಸುವ ನಿಜವಾದ ನಮನ.